ಬರ್ಸ್ಟನ್ನಿನ ಮಕ್ಕಳು ಶಾಲೆ ಬಿಟ್ಟ ದಿನ

ಇಂಗ್ಲೆಂಡಿನ ಹಳ್ಳಿಯೊಂದರ ಹಳೆಯ ಕಾಗದಪತ್ರ ಬಿಚ್ಚಿ ಕೂತರೆ ಸಿಗುವುದು ಬಹುಪಾಲು ಸಣ್ಣ ಸುದ್ದಿಗಳೇ. ಯಾರೋ ಕಾಲುದಾರಿಗೆ ಬೇಲಿ ಹಾಕಿದ್ದಾರೆ. ಬಾವಿಯ ನೀರು ಕೆಟ್ಟಿದೆ. ಶಾಲೆಯ ಗೋಡೆ ಒದ್ದೆ ಹಿಡಿದಿದೆ. 1860ರ ದಶಕದಿಂದ ಅಲ್ಲಿನ ಶಾಲೆಗಳ ಮುಖ್ಯೋಪಾಧ್ಯಾಯರು ದಿನಚರಿಯಂಥ ಒಂದು ಪುಸ್ತಕವನ್ನು ಕಡ್ಡಾಯವಾಗಿ ಬರೆದಿಡಬೇಕಿತ್ತು. ದಡಾರ ಬಂದು ಅರ್ಧ ಶಾಲೆ ಖಾಲಿಯಾದದ್ದು, ಮಕ್ಕಳನ್ನು ಹೊಲದ ಕಲ್ಲು ಆಯಲು ಕಳಿಸಿದ್ದು, ಬಿತ್ತಿದ ಹೊಲದಲ್ಲಿ ಹಕ್ಕಿ ಓಡಿಸಲು ಹುಡುಗರನ್ನು ಕರೆದೊಯ್ದದ್ದು, ಇವೇ ಅದರ ಪುಟಗಳಲ್ಲಿ ತುಂಬಿರುತ್ತವೆ. ರಾಜರು ಮತ್ತು ಯುದ್ಧಗಳು ಅಲ್ಲಿ ಅಪರೂಪಕ್ಕೆ ಕಾಣುವ ನೆಂಟರು.

ಹೀಗಾಗಿ ಇವನ್ನೆಲ್ಲ ಊರ ಕಟ್ಟೆಯ ಮಾತು ಎಂದು ಬದಿಗಿಡುವುದು ಸುಲಭ. ಆದರೆ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು ಇಂಥ ಕಟ್ಟೆಯ ಮಾತಿನಲ್ಲೇ ತಿಳಿಯುತ್ತದೆ. ಬೇಲಿ ಹಾಕಿದವರು ಯಾರು, ಅದನ್ನು ಪ್ರಶ್ನಿಸಿದವರು ಯಾರು, ಪ್ರಶ್ನಿಸಿದವರಿಗೆ ಆಮೇಲೆ ಏನಾಯಿತು? ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದಲ್ಲಿ, ಡಿಸ್ ಎಂಬ ಪೇಟೆಗೆ ಹತ್ತಿರವಿರುವ ಬರ್ಸ್ಟನ್ ಹಳ್ಳಿಯಲ್ಲಿ ಈ ಪ್ರಶ್ನೆಗಳು ಒಂದು ಶಾಲೆಯ ಸುತ್ತ ಗಂಟು ಹಾಕಿಕೊಂಡವು. ಮಳೆಯಲ್ಲಿ ನೆನೆದು ಬಂದ ಮಕ್ಕಳ ಬಟ್ಟೆ ಒಣಗಿಸಲು ಟೀಚರ್ ಒಬ್ಬರು ಬೆಂಕಿ ಹಾಕಿದ್ದೂ ಅಲ್ಲಿ ಒಂದು ಆರೋಪವಾಯಿತು. ಅಲ್ಲಿಂದ ಮುಂದೆ ನಡೆದದ್ದು 25 ವರ್ಷಗಳ ಕಥೆ.

ಅದು ಅರ್ಥವಾಗಬೇಕಾದರೆ ಮೊದಲು 1894ರ ಒಂದು ಕಾನೂನನ್ನು ನೋಡಬೇಕು.

ಅಲ್ಲಿಯವರೆಗೆ ಇಂಗ್ಲೆಂಡಿನ ಹಳ್ಳಿಯ ಸಾರ್ವಜನಿಕ ವ್ಯವಹಾರ ನಡೆಯುತ್ತಿದ್ದದ್ದು ಚರ್ಚಿನ ನೆರಳಿನಲ್ಲಿ. ವೆಸ್ಟ್ರಿ ಎಂಬ ಸಭೆ ಸೇರುತ್ತಿತ್ತು. ಅದರ ಅಧ್ಯಕ್ಷತೆ ಊರ ಪಾದ್ರಿಯದು, ಮಾತು ದೊಡ್ಡ ರೈತರದು. ಕೃಷಿ ಕೂಲಿಕಾರರಲ್ಲಿ ಬಹಳಷ್ಟು ಗಂಡಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ದೊರೆತದ್ದೇ 1884ರಲ್ಲಿ. ಹತ್ತು ವರ್ಷಗಳ ನಂತರ ಬಂದ ಸ್ಥಳೀಯ ಸರ್ಕಾರ ಕಾಯಿದೆ ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲ್ ಎಂಬ ಚುನಾಯಿತ ಸಭೆಯನ್ನು ಕೊಟ್ಟಿತು. ನಮ್ಮ ಗ್ರಾಮ ಪಂಚಾಯಿತಿಗಿಂತ ತೀರ ಕಡಿಮೆ ಅಧಿಕಾರದ ಸಂಸ್ಥೆ ಎಂದುಕೊಂಡರೆ ಸರಿಹೋದೀತು. ಮುನ್ನೂರಕ್ಕಿಂತ ಹೆಚ್ಚು ಜನರಿದ್ದ ಪ್ರತಿ ಗ್ರಾಮೀಣ ಪ್ಯಾರಿಷ್‌ಗೂ ಒಂದು ಕೌನ್ಸಿಲ್. ಹೆಂಗಸರೂ ಅದಕ್ಕೆ ಸದಸ್ಯರಾಗಬಹುದು.

ಈ ಕಾಯಿದೆಯ ಒಂದೆರಡು ಸಣ್ಣ ನಿಯಮಗಳು ಬಹಳ ಸ್ವಾರಸ್ಯಕರವಾಗಿವೆ. ಊರ ಸಭೆ ಸಂಜೆ 6 ಗಂಟೆಗೆ ಮೊದಲು ಆರಂಭವಾಗಕೂಡದು ಎಂದು ಅದು ಹೇಳುತ್ತದೆ. ಹಗಲು ಹೊತ್ತಿನಲ್ಲಿ ಸಭೆ ಕರೆದರೆ ಕೂಲಿಕಾರ ಹೊಲ ಬಿಟ್ಟು ಬರಲಾರ ಎಂಬುದು ಅದನ್ನು ಬರೆದವರಿಗೆ ಗೊತ್ತಿತ್ತು. ಸಭೆಗೆ ಬೇರೆ ಜಾಗ ಇಲ್ಲದಿದ್ದರೆ ಶಾಲೆಯ ಕೋಣೆಯನ್ನು ಬಾಡಿಗೆ ಇಲ್ಲದೆ ಬಳಸಬಹುದಿತ್ತು. ಇಷ್ಟೆಲ್ಲ ಯೋಚಿಸಿದ ಕಾನೂನು ಮತದಾನದ ವಿಷಯಕ್ಕೆ ಬಂದಾಗ ಮಾತ್ರ ಹಿಂದೆ ಸರಿಯಿತು. ಸಂಸತ್ತಿನ ಚುನಾವಣೆಗೆ 1872ರಲ್ಲೇ ಗುಪ್ತ ಮತದಾನ ಬಂದಿತ್ತು. ಪ್ಯಾರಿಷ್ ಕೌನ್ಸಿಲಿಗೆ ಮಾತ್ರ ಸಭೆಯಲ್ಲಿ ಕೈ ಎತ್ತಿ ಆರಿಸುವುದೇ ಮೊದಲ ಕ್ರಮ. ಯಾರಾದರೂ ಕೇಳಿದರೆ ಮಾತ್ರ ಆಮೇಲೆ ಮತಪತ್ರ. ಅಂದರೆ, ನಿಮಗೆ ಕೂಲಿ ಕೊಡುವ ರೈತ ಮುಂದಿನ ಬೆಂಚಿನಲ್ಲಿ ಕೂತಿರುತ್ತಾನೆ, ನೀವಿರುವ ಮನೆ ಅವನದು, ಅವನ ವಿರುದ್ಧ ನಿಂತವನಿಗೆ ನೀವು ಅವನ ಕಣ್ಣೆದುರೇ ಕೈ ಎತ್ತಬೇಕು.

ಈ ಮನೆಯ ವಿಚಾರ ಮುಖ್ಯ. ಕೃಷಿ ಕೂಲಿಕಾರರಲ್ಲಿ ಹಲವರು ಇರುತ್ತಿದ್ದದ್ದು ಕೆಲಸದ ಜೊತೆಗೇ ಸಿಗುವ ಮನೆಗಳಲ್ಲಿ. ಕೆಲಸ ಹೋದ ದಿನ ಮನೆಯೂ ಹೋಯಿತು. ವಾರದ ಕೂಲಿ 15 ಶಿಲಿಂಗಿನ ಆಸುಪಾಸು. 1870ರ ದಶಕದಲ್ಲಿ ಜೋಸೆಫ್ ಆರ್ಚ್ ಕಟ್ಟಿದ ಕೂಲಿಕಾರರ ಸಂಘ ಇಪ್ಪತ್ತೈದು ವರ್ಷದೊಳಗೆ ಕಣ್ಮುಚ್ಚಿತ್ತು. 1906ರಲ್ಲಿ ನಾರ್ಫೋಕ್‌ನಲ್ಲಿಯೇ ಜಾರ್ಜ್ ಎಡ್ವರ್ಡ್ಸ್ ಎಂಬಾತ ಹೊಸ ಸಂಘ ಕಟ್ಟಿದ. ಈ ಎಡ್ವರ್ಡ್ಸ್ ಬಾಲ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಲಾಗದೆ, ಮದುವೆಯಾದ ಮೇಲೆ ಹೆಂಡತಿಯಿಂದ ಓದು ಕಲಿತ ಹೊಲದ ಕೂಲಿಯಾಳು. ಮುಂದೆ ಸಂಸತ್ ಸದಸ್ಯನೂ ಆದ.

ಬರ್ಸ್ಟನ್ನಿಗೆ 1911ರಲ್ಲಿ ಬಂದ ದಂಪತಿ ಈ ಸಂಘದ ಗಾಳಿಯನ್ನು ಜೊತೆಗೇ ತಂದರು. ಆನಿ ಹಿಗ್ಡನ್ ಶಾಲೆಯ ಮುಖ್ಯೋಪಾಧ್ಯಾಯಿನಿ. ಆಕೆಯನ್ನು ಕಿಟ್ಟಿ ಎಂದೂ ಕರೆಯುತ್ತಿದ್ದರು. ಗಂಡ ಟಾಮ್ ಹಿಗ್ಡನ್ ಅದೇ ಶಾಲೆಯ ಸಹಾಯಕ ಶಿಕ್ಷಕ. ಟಾಮ್ ಸ್ವತಃ ಸಾಮರ್‌ಸೆಟ್‌ನ ಕೃಷಿ ಕೂಲಿಕಾರನ ಮಗ. ಇದಕ್ಕೆ ಮೊದಲು ನಾರ್ಫೋಕ್‌ನ ಇನ್ನೊಂದು ಹಳ್ಳಿ ವುಡ್ ಡಾಲಿಂಗ್‌ನಲ್ಲಿ ಇಬ್ಬರೂ ಪಾಠ ಮಾಡಿದ್ದರು. ಅಲ್ಲಿ ಶಾಲೆಯ ದುಃಸ್ಥಿತಿಯ ಬಗ್ಗೆ, ಪಾಠದ ಹೊತ್ತಿನಲ್ಲಿ ಹುಡುಗರನ್ನು ಹೊಲಗೆಲಸಕ್ಕೆ ಎಳೆದೊಯ್ಯುವುದರ ಬಗ್ಗೆ ಆನಿ ಮತ್ತೆ ಮತ್ತೆ ದೂರಿದರು. ಹಾಗೆ ಎಳೆದೊಯ್ಯುತ್ತಿದ್ದ ರೈತರ ಕಡೆಯವರೇ ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಟಾಮ್ ಸಂಜೆ ಹೊತ್ತು ಸೈಕಲ್ ಹತ್ತಿ ಕೂಲಿಕಾರರ ಸಂಘಕ್ಕೆ ಸದಸ್ಯರನ್ನು ಸೇರಿಸುತ್ತಿದ್ದ. ಜಗಳ ಬೆಳೆದು, ಪ್ರಾಂತ್ಯದ ಶಿಕ್ಷಣ ಸಮಿತಿ ಅವರನ್ನು ಬರ್ಸ್ಟನ್ನಿಗೆ ವರ್ಗ ಮಾಡಿತು.

ಅದೇ ವರ್ಷ ಬರ್ಸ್ಟನ್ನಿಗೆ ಹೊಸ ಪಾದ್ರಿಯೂ ಬಂದರು: ಚಾರ್ಲ್ಸ್ ಟಕರ್ ಈಲೆಂಡ್. ಅವರ ವರ್ಷದ ವರಮಾನ ಒಬ್ಬ ಕೂಲಿಕಾರನ ಹತ್ತು ವರ್ಷದ ದುಡಿಮೆಯನ್ನು ಮೀರುವಷ್ಟಿತ್ತು. ಜೊತೆಗೆ ದೊಡ್ಡ ಮನೆ, ಚರ್ಚಿನ ಉಂಬಳಿ ಜಮೀನು. ಆ ಜಮೀನಿನ ತುಂಡುಗಳನ್ನು ಊರ ಕೆಲವು ಬಡವರು ಗೇಣಿಗೆ ಮಾಡುತ್ತಿದ್ದರು. ಸ್ವಲ್ಪ ದಿನಕ್ಕೆ ಈಲೆಂಡ್ ಶಾಲೆಯ ಆಡಳಿತ ಮಂಡಳಿಗೂ ಅಧ್ಯಕ್ಷರಾದರು. ಚರ್ಚು, ಜಮೀನು, ಶಾಲೆ ಹೀಗೆ ಮೂರೂ ಒಬ್ಬರ ಕೈಗೆ ಬಂದವು. ಇದು ಈಲೆಂಡ್ ಒಬ್ಬರ ವಿಶೇಷವೇನಲ್ಲ. ಆ ಕಾಲದ ನೂರಾರು ಹಳ್ಳಿಗಳಲ್ಲಿ ಪಾದ್ರಿಯ ಸ್ಥಾನವೇ ಹಾಗಿತ್ತು.

1913ರ ಮಾರ್ಚ್‌ನಲ್ಲಿ ಪ್ಯಾರಿಷ್ ಕೌನ್ಸಿಲಿನ ಚುನಾವಣೆ ನಡೆಯಿತು. ಟಾಮ್ ಹಿಗ್ಡನ್ ಕೂಲಿಕಾರರನ್ನು ಜೊತೆ ಮಾಡಿಕೊಂಡು ನಿಂತ. ಫಲಿತಾಂಶದಲ್ಲಿ ಅತಿ ಹೆಚ್ಚು ಮತ ಬಿದ್ದದ್ದು ಟಾಮ್‌ಗೆ. ಪಾದ್ರಿಗೆ ಎಲ್ಲರಿಗಿಂತ ಕಡಿಮೆ. ಊರನ್ನು ಆಳುತ್ತಿದ್ದವರು ಹೊರಗೆ, ಹೊಲದಲ್ಲಿ ದುಡಿಯುತ್ತಿದ್ದವರು ಒಳಗೆ.

ಕಾನೂನು ಕೊಟ್ಟ ಅಧಿಕಾರದ ಮಿತಿ ಇಲ್ಲಿಂದ ಮುಂದೆ ಕಾಣತೊಡಗುತ್ತದೆ. ಪ್ಯಾರಿಷ್ ಕೌನ್ಸಿಲ್ ಕಾಲುದಾರಿಯ ಬಗ್ಗೆ ಮಾತಾಡಬಹುದು, ತರಕಾರಿ ಬೆಳೆಯಲು ಕೂಲಿಕಾರರಿಗೆ ತುಂಡು ಭೂಮಿ ಕೊಡಿಸಲು ಪ್ರಯತ್ನಿಸಬಹುದು, ತೆರಿಗೆಯಿಂದ ಪೌಂಡಿಗೆ ಕೆಲವೇ ಪೆನ್ಸ್ ಎತ್ತಬಹುದು. ಕೂಲಿಕಾರನ ಮನೆಯ ಮಾಲೀಕನನ್ನು ಅದು ಮುಟ್ಟಲಾರದು. ಶಾಲೆಯಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ. 1902ರ ಶಿಕ್ಷಣ ಕಾಯಿದೆಯಂತೆ ಶಾಲೆ ಪ್ರಾಂತ್ಯದ ಶಿಕ್ಷಣ ಸಮಿತಿಯ ಕೆಳಗೆ, ದಿನನಿತ್ಯದ ಉಸ್ತುವಾರಿ ಸ್ಥಳೀಯ ಮಂಡಳಿಯ ಕೈಯಲ್ಲಿ. ಕೌನ್ಸಿಲಿನಲ್ಲಿ ಸೋತ ಪಾದ್ರಿ ಆ ಮಂಡಳಿಯ ಅಧ್ಯಕ್ಷರು. ಗೆದ್ದ ಟಾಮ್ ಅದೇ ಮಂಡಳಿಯ ಕೈಕೆಳಗಿನ ನೌಕರ.

ಆಡಳಿತ ಮಂಡಳಿಯಿಂದ ದೂರುಗಳು ಹೊರಟವು. ಆನಿ ಮಂಡಳಿಯೊಂದಿಗೆ ಅವಿನಯದಿಂದ ನಡೆದುಕೊಂಡರು ಎಂಬುದು ಒಂದು. ಅನುಮತಿ ಇಲ್ಲದೆ ಶಾಲೆಯಲ್ಲಿ ಬೆಂಕಿ ಹಾಕಿಸಿದರು ಎಂಬುದು ಇನ್ನೊಂದು. ದೂರದಿಂದ ಮಳೆಯಲ್ಲಿ ನಡೆದು ಬಂದ ಮಕ್ಕಳು ಒದ್ದೆ ಬಟ್ಟೆಯಲ್ಲಿ ಕೂರಬಾರದೆಂದು ಹಾಕಿದ ಬೆಂಕಿ ಅದು. ಮೂರನೆಯ ದೂರು ಇವೆರಡಕ್ಕಿಂತ ಗಂಭೀರ: ಅನಾಥಾಲಯದಿಂದ ಬಂದು ಊರಿನ ಮನೆಯೊಂದರಲ್ಲಿದ್ದ ಇಬ್ಬರು ಹುಡುಗಿಯರನ್ನು ಆನಿ ಅನ್ಯಾಯವಾಗಿ ದಂಡಿಸಿದರು ಎಂದು. ಆನಿ ಅದನ್ನು ನಿರಾಕರಿಸಿದರು. 1914ರ ಫೆಬ್ರವರಿಯಲ್ಲಿ ಶಿಕ್ಷಣ ಸಮಿತಿಯ ವಿಚಾರಣೆ ನಡೆದು, ಗಂಡಹೆಂಡತಿ ಇಬ್ಬರೂ ಕೆಲಸ ಬಿಡಬೇಕೆಂಬ ತೀರ್ಮಾನ ಬಂತು. ಮಾರ್ಚ್ 31 ಕೊನೆಯ ದಿನ. ಶಾಲೆಗೆ ಅಂಟಿಕೊಂಡಿದ್ದ ಮನೆಯನ್ನೂ ಖಾಲಿ ಮಾಡಬೇಕಾಯಿತು. ಕೂಲಿಕಾರನ ಕಷ್ಟ ಈಗ ಮೇಷ್ಟರಿಗೂ ಬಂದಿತ್ತು.

1914ರ ಏಪ್ರಿಲ್ 1ರ ಬೆಳಿಗ್ಗೆ ಹೊಸ ಶಿಕ್ಷಕರು ಶಾಲೆಯಲ್ಲಿ ಕಾಯುತ್ತಿದ್ದರು. ಶಾಲೆಯ ಪಟ್ಟಿಯಲ್ಲಿದ್ದ 72 ಮಕ್ಕಳಲ್ಲಿ 66 ಮಂದಿ ಒಳಗೆ ಹೋಗಲಿಲ್ಲ. ಬಾವುಟ ಹಿಡಿದು, ನ್ಯಾಯ ಬೇಕು, ನಮ್ಮ ಟೀಚರು ನಮಗೆ ವಾಪಸು ಬೇಕು ಎಂದು ಬರೆದ ಹಲಗೆಗಳನ್ನು ಹೊತ್ತು ಮೆರವಣಿಗೆ ಹೊರಟರು. ಊರ ರಸ್ತೆಗಳು ಸುತ್ತಿ ಬರುವ ರೀತಿಗೆ ಅಲ್ಲಿನವರು 'ಮೇಣದಬತ್ತಿಯ ಕಂಬ' ಎಂದು ಕರೆಯುತ್ತಾರೆ. ಆ ದಾರಿಯನ್ನು ಸುತ್ತಿ ಬಂದರು. ಮೆರವಣಿಗೆಯ ಮುಂದಾಳು ವಯೊಲೆಟ್ ಪಾಟರ್ ಎಂಬ 13 ವರ್ಷದ ಹುಡುಗಿ.

ಮಕ್ಕಳ ಮುಷ್ಕರ ಇಂಗ್ಲೆಂಡಿಗೆ ಹೊಸದಲ್ಲ. 1911ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹಲವು ನಗರಗಳ ಶಾಲಾ ಮಕ್ಕಳು ಬೆತ್ತದ ಹೊಡೆತದ ವಿರುದ್ಧ ಬೀದಿಗೆ ಬಂದಿದ್ದರು. ಅವೆಲ್ಲ ಕೆಲವೇ ದಿನಗಳಲ್ಲಿ ಮುಗಿದಿದ್ದವು. ಬರ್ಸ್ಟನ್ನಿನದು ಮುಗಿಯಲಿಲ್ಲ. ಕಾರಣ ಸರಳ: ಇಲ್ಲಿ ಮಕ್ಕಳ ಹಿಂದೆ ತಂದೆತಾಯಂದಿರಿದ್ದರು, ಮಕ್ಕಳ ಎದುರಿಗೆ ಪಾಠ ಮಾಡಲು ಟೀಚರೂ ಇದ್ದರು. ಊರ ಹುಲ್ಲುಗಾವಲಿನ ಮೇಲೇ ತರಗತಿ ಶುರುವಾಯಿತು. ಆಮೇಲೆ ಅಲ್ಲೇ ಇದ್ದ ಬಡಗಿಯ ಕೊಟ್ಟಿಗೆಯೊಂದು ಶಾಲೆಯಾಯಿತು. ಹಾಜರಿ ಹಾಕುತ್ತಿದ್ದರು, ಲೆಕ್ಕ ಹೇಳಿಕೊಡುತ್ತಿದ್ದರು, ವೇಳಾಪಟ್ಟಿಯೂ ಇತ್ತು. ಶಾಲೆ ಬಿಟ್ಟ ಮಕ್ಕಳು ಕಲಿಕೆಯನ್ನು ಬಿಟ್ಟಿರಲಿಲ್ಲ.

ಅಧಿಕಾರ ಸುಮ್ಮನೆ ಕೂರಲಿಲ್ಲ. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಲಿಲ್ಲವೆಂದು ಮೊದಲಿಗೆ 18 ಪೋಷಕರನ್ನು ನ್ಯಾಯಾಲಯಕ್ಕೆ ಕರೆಸಿ ತಲಾ ಎರಡೂವರೆ ಶಿಲಿಂಗ್ ದಂಡ ಹಾಕಿದರು. ವಾರಕ್ಕೆ 15 ಶಿಲಿಂಗ್ ಕಾಣದ ಮನೆಗೆ ಅದೊಂದು ದಿನದ ಕೂಲಿ. ಆಮೇಲೆ ಇನ್ನಷ್ಟು ಜನರಿಗೆ ಇನ್ನಷ್ಟು ದಂಡ ಬಿತ್ತು. ಜನ ಚಂದಾ ಎತ್ತಿ ಅದನ್ನು ಕಟ್ಟಿದರು. ಮುಷ್ಕರದ ಪರವಾಗಿದ್ದ ಕೆಲವರಿಗೆ ಚರ್ಚಿನ ಉಂಬಳಿ ಜಮೀನಿನ ಗೇಣಿ ಬಿಡಬೇಕೆಂದು ಪಾದ್ರಿಯಿಂದ ನೋಟಿಸ್ ಹೋಯಿತು. ಮನೆ ಬಿಡಿಸುವ ಬೆದರಿಕೆಯೂ ಇತ್ತು. ಊರಿನ ಬಹುಮಂದಿ ಚರ್ಚಿಗೆ ಹೋಗುವುದನ್ನೇ ನಿಲ್ಲಿಸಿದರು. ಮೆಥಡಿಸ್ಟ್ ಪಂಥದ ಬೋಧಕರೊಬ್ಬರು ಭಾನುವಾರ ಹುಲ್ಲುಗಾವಲಿನಲ್ಲೇ ಪ್ರಾರ್ಥನೆ ನಡೆಸತೊಡಗಿದರು.

ಆಗಸ್ಟ್‌ನಲ್ಲಿ ಮಹಾಯುದ್ಧ ಶುರುವಾಯಿತು. ಯುದ್ಧದ ಅಬ್ಬರದಲ್ಲಿ ಈ ಸಣ್ಣ ಊರಿನ ಜಗಳ ತಾನಾಗಿಯೇ ತಣ್ಣಗಾಗಬೇಕಿತ್ತು. ಆದದ್ದು ಬೇರೆ. ಗಂಡಸರು ಸೈನ್ಯಕ್ಕೆ ಹೋದಂತೆ ಹೊಲಕ್ಕೆ ಆಳುಗಳ ಅಭಾವವಾಯಿತು. ಇದ್ದ ಕೂಲಿಕಾರನನ್ನು ಮನೆಯಿಂದ ಹೊರಹಾಕಿದರೆ ಕೊಯ್ಲು ಮಾಡುವವರಾರು? ಹೀಗೆ ಮನೆ ಬಿಡಿಸುವ ಬೆದರಿಕೆ ತನ್ನ ಮೊನೆ ಕಳೆದುಕೊಂಡಿತು. ಕಾನೂನು ಕೊಡಲಾಗದ ರಕ್ಷಣೆಯನ್ನು ಕೂಲಿಯ ಅಭಾವ ಕೊಟ್ಟಿತು ಎಂಬುದು ಕಹಿಯಾದರೂ ನಿಜ.

ಈ ಹೊತ್ತಿಗೆ ಬರ್ಸ್ಟನ್ನಿನ ಸುದ್ದಿ ಊರು ದಾಟಿತ್ತು. ರೈಲ್ವೆ ಕಾರ್ಮಿಕರು, ಗಣಿ ಕಾರ್ಮಿಕರು, ಅವರ ಸಂಘದ ಶಾಖೆಗಳು, ಸಮಾಜವಾದಿ ಗುಂಪುಗಳು ಹಣ ಕಳಿಸಿದವು. 1917ರ ಮೇ 13ರಂದು ಹುಲ್ಲುಗಾವಲಿನ ಅಂಚಿನಲ್ಲಿ ಹೊಸ ಶಾಲೆಯ ಕಟ್ಟಡ ತೆರೆಯಿತು. ಅದರ ಮುಂಗೋಡೆಯ ಕಲ್ಲುಗಳ ಮೇಲೆ ಹಣ ಕೊಟ್ಟವರ ಹೆಸರುಗಳನ್ನು ಕೆತ್ತಿದ್ದಾರೆ. ಇಂಗ್ಲೆಂಡಿನ ಹಳ್ಳಿಯ ಕಟ್ಟಡಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಜಮೀನುದಾರರ, ಶ್ರೀಮಂತ ದಾನಿಗಳ ಹೆಸರು. ಇಲ್ಲಿ ಗೋಡೆ ತುಂಬ ಕಾಣುವುದು ಎಲ್ಲೆಲ್ಲಿಂದಲೋ ಕಾಸು ಕೂಡಿಸಿ ಕಳಿಸಿದ ಕಾರ್ಮಿಕ ಸಂಘಗಳ ಶಾಖೆಗಳು. ಮೂರು ವರ್ಷದ ಹಿಂದೆ ಮೆರವಣಿಗೆಯ ಮುಂದಿದ್ದ ವಯೊಲೆಟ್ ಪಾಟರಳೇ ಆ ಶಾಲೆಯನ್ನು ಉದ್ಘಾಟಿಸಿದಳು.

ಪಾದ್ರಿ ಈಲೆಂಡ್ 1920ರಲ್ಲಿ ಊರು ಬಿಟ್ಟರು. ಶಾಲೆ ಮುಂದುವರಿಯಿತು. 1914ರಲ್ಲಿ ಹುಟ್ಟಿಯೇ ಇರದಿದ್ದ ಮಕ್ಕಳು ಬಂದು ಕಲಿತು ಹೋದರು. 1939ರ ಆಗಸ್ಟ್‌ನಲ್ಲಿ ಟಾಮ್ ತೀರಿಕೊಂಡರು. ವಯಸ್ಸಾಗಿದ್ದ ಆನಿಗೆ ಒಬ್ಬರೇ ಶಾಲೆ ನಡೆಸುವುದು ಆಗದ ಮಾತಾಗಿತ್ತು. ಉಳಿದಿದ್ದ ಕೆಲವೇ ಮಕ್ಕಳು ಸರ್ಕಾರಿ ಶಾಲೆಗೆ ಸೇರಿದರು. 1946ರಲ್ಲಿ ಆನಿಯೂ ಹೋದರು. ಗಂಡಹೆಂಡತಿ ಇಬ್ಬರ ಸಮಾಧಿಯೂ ಬರ್ಸ್ಟನ್ನಿನ ಚರ್ಚಿನ ಅಂಗಳದಲ್ಲಿದೆ. ಯಾವ ಚರ್ಚಿನ ಪಾದ್ರಿಯೊಡನೆ ಅವರ ಜಗಳವಿತ್ತೋ ಅದೇ ಚರ್ಚು.

ಇದನ್ನು ಇಂಗ್ಲೆಂಡಿನ ಅತಿ ದೀರ್ಘ ಮುಷ್ಕರ ಎಂದು ಕರೆಯುವುದು ವಾಡಿಕೆ. ಪ್ರತಿ ವರ್ಷ ಸೆಪ್ಟೆಂಬರಿನ ಮೊದಲ ಭಾನುವಾರ ಕಾರ್ಮಿಕ ಸಂಘಗಳವರು ಬಾವುಟ ಹಿಡಿದು ಅಲ್ಲಿ ಸೇರುತ್ತಾರೆ. ಮಕ್ಕಳು ನಡೆದ ದಾರಿಯನ್ನು ಸುತ್ತಿ ಬರುತ್ತಾರೆ. ಹೀಗೆ ಉತ್ಸವವಾಗಿ ಉಳಿದ ಕಥೆಗಳನ್ನು ಚರಿತ್ರೆಯ ವಿದ್ಯಾರ್ಥಿ ಕೊಂಚ ಎಚ್ಚರದಿಂದ ಓದಬೇಕು. ನಮಗೆ ಸಿಗುವ ವಿವರಗಳಲ್ಲಿ ಬಹಳಷ್ಟು ಮುಷ್ಕರದ ಕಡೆಯವರೇ ಹೇಳಿದ್ದು. ಟಾಮ್ ಹಿಗ್ಡನ್ ಸ್ವತಃ ಅದರ ಬಗ್ಗೆ ಪುಸ್ತಿಕೆ ಬರೆದ. ಆ ವಿವರಗಳಲ್ಲಿ ಪಾದ್ರಿ ಖಳನಾಯಕ, ಟೀಚರಮ್ಮ ದೇವತೆ. ದೊಡ್ಡವರ ರಾಜಕೀಯಕ್ಕೆ ಮಕ್ಕಳನ್ನು ಮುಂದೆ ಬಿಟ್ಟರೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಹಿಗ್ಡನ್ ದಂಪತಿ ರಾಜಕೀಯ ಇಲ್ಲದ ಮುಗ್ಧರಾಗಿರಲಿಲ್ಲ. ತಾವು ಯಾರ ಪರ ಎಂಬುದನ್ನು ಅವರು ಮುಚ್ಚಿಟ್ಟವರೂ ಅಲ್ಲ.

ಆದರೆ ಆ ಪ್ರಶ್ನೆ ಕೇಳುವವರು ಇನ್ನೊಂದನ್ನೂ ಕೇಳಬೇಕು. ಆ ಊರಿನಲ್ಲಿ ಮಕ್ಕಳು ರಾಜಕೀಯದ ಹೊರಗೆ ಇದ್ದದ್ದು ಯಾವಾಗ? ಪಾಠದ ಹೊತ್ತಿನಲ್ಲಿ ಹುಡುಗನನ್ನು ಹೊಲಕ್ಕೆ ಕರೆದೊಯ್ದಾಗ ಅದು ವ್ಯವಸ್ಥೆ ಅನ್ನಿಸಿಕೊಳ್ಳುತ್ತಿತ್ತು. ಅದೇ ಹುಡುಗ ಹಲಗೆ ಹಿಡಿದು ಬೀದಿಗೆ ಬಂದಾಗ ಮಾತ್ರ ರಾಜಕೀಯವಾಯಿತು. ಒದ್ದೆ ಬಟ್ಟೆಯಲ್ಲಿ ಮಗುವೊಂದು ಕೂತಿರುವುದು ಯಾವ ದಾಖಲೆಗೂ ಬರದ ಸಂಗತಿ. ಅನುಮತಿ ಇಲ್ಲದೆ ಬೆಂಕಿ ಹಾಕಿದ್ದು ಮಾತ್ರ ವಿಚಾರಣೆಯ ಕಾಗದಕ್ಕೆ ಬಂತು. ಹಳ್ಳಿಯ ಸಣ್ಣ ಸುದ್ದಿಗಳನ್ನು ಓದುವಾಗ ಯಾವುದು ಬರಹಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನೇ ಮೊದಲು ನೋಡಬೇಕು ಎನ್ನುವುದು ಇದಕ್ಕೇ.

ಬರ್ಸ್ಟನ್ ಗೆದ್ದಿತೇ? ಕೇಳಿದ್ದು ಸಿಗಲಿಲ್ಲ. ಹಿಗ್ಡನ್ ದಂಪತಿಯನ್ನು ಸರ್ಕಾರಿ ಶಾಲೆಗೆ ಮತ್ತೆ ತೆಗೆದುಕೊಳ್ಳಲಿಲ್ಲ. ಆ ಲೆಕ್ಕದಲ್ಲಿ ಮುಷ್ಕರ ಸೋತಿತು. ಆದರೆ 1894ರ ಕಾನೂನು ಮತ್ತು 1914ರ ಮೆರವಣಿಗೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಊರು ಕಲಿಸುವ ಪಾಠ ಬೇರೆ. ಕಾನೂನು ಕೂಲಿಕಾರನಿಗೆ ಊರ ಸಭೆಯಲ್ಲಿ ಕುರ್ಚಿ ಕೊಟ್ಟಿತು. ಮನೆ, ಜಮೀನು, ಶಾಲೆ ಮೂರನ್ನೂ ಹಳೆಯ ಕೈಗಳಲ್ಲೇ ಬಿಟ್ಟಿತು. ಕುರ್ಚಿಯಲ್ಲಿ ಕೂತವನು ತನ್ನ ಮಗುವಿನ ಟೀಚರನ್ನೂ ಉಳಿಸಿಕೊಳ್ಳಲಾರದೆ ಹೋದ. ಮತವೊಂದರಿಂದ ಸಾಲದು ಎಂಬುದು ಅರ್ಥವಾದಾಗ ಆ ಜನ ಮತವನ್ನು ಬಿಸಾಡಲಿಲ್ಲ; ಅದರ ಪಕ್ಕದಲ್ಲಿ ಒಂದು ಶಾಲೆ ಕಟ್ಟಿದರು.

ಆ ಕಟ್ಟಡ ಈಗ ಚಿಕ್ಕ ವಸ್ತುಸಂಗ್ರಹಾಲಯ. ಗೋಡೆಯ ಮೇಲಿನ ಹೆಸರುಗಳನ್ನು ಈಗಲೂ ಓದಬಹುದು.